‘ಚಿ’: ಬಲ ಯಾವುದು, ಬಲೆ ಯಾವುದು?

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಂಥ ಊರಿನ ಹುಡುಗರ ಮೊಬೈಲಿಗೂ ಈಗ ಚೀನಾದ ಗುರುಗಳು ಬರುತ್ತಾರೆ. ಬಿಳಿ ಗಡ್ಡ, ರೇಷ್ಮೆ ಅಂಗಿ, ನಿಧಾನದ ನಡಿಗೆ. ಗುರು ಅಂಗೈ ಚಾಚಿದರೆ ಎರಡು ಮಾರು ಆಚೆ ನಿಂತ ಶಿಷ್ಯ ಯಾರೂ ಮುಟ್ಟದೆಯೇ ಹಿಂದಕ್ಕೆ ಹಾರಿ ಬೀಳುತ್ತಾನೆ. ಇದು ‘ಚಿ’ಯ ಶಕ್ತಿ ಎಂದು ವಿಡಿಯೊ ಹೇಳುತ್ತದೆ. ನಸುಕಿನಲ್ಲಿ ಎದ್ದು ದಂಡ ಬೈಠಕ್ ಹೊಡೆಯುವ ಹುಡುಗನಿಗೆ ಅದನ್ನು ನೋಡಿದಾಗ ಎರಡರಲ್ಲಿ ಒಂದು ಅನ್ನಿಸುವುದು ಸಹಜ. ಇಷ್ಟು ದಿನ ತಾನು ಸುಮ್ಮನೆ ಬೆವರು ಸುರಿಸಿದೆ ಅನ್ನಿಸಬಹುದು. ಇಲ್ಲವೇ, ಚೀನಾದ ವಿದ್ಯೆಯೆಲ್ಲ ಬರೀ ಬೊಗಳೆ ಅನ್ನಿಸಬಹುದು.

ಎರಡೂ ಸರಿಯಲ್ಲ. ‘ಚಿ’ ಎನ್ನುವ ಮಾತಿನ ಹಿಂದೆ ಶತಮಾನಗಳ ಕಾಲ ಮೈಮೇಲೆ ಪ್ರಯೋಗ ಮಾಡಿ ಕಂಡುಕೊಂಡ ನಿಜವಾದ ದೇಹವಿದ್ಯೆ ಇದೆ. ಅದೇ ಮಾತಿನ ಸುತ್ತ ಪವಾಡದ ಕಥೆಗಳೂ ಹುತ್ತಗಟ್ಟಿವೆ. ಯಾವುದು ವಿದ್ಯೆ, ಯಾವುದು ಕಥೆ ಎಂದು ಬೇರ್ಪಡಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲೀಮಿನ, ಅಂದರೆ ಕುಸ್ತಿ ಗರಡಿಯ, ಕೆಮ್ಮಣ್ಣು ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತ ಬಂದಿದೆ. ಬಿಟ್ಟುಕೊಡಲು ಒಪ್ಪದ ಎದುರಾಳಿಯ ಮುಂದೆ ಯಾವ ಬಲ ನಿಲ್ಲುತ್ತದೆಯೋ ಅದು ಬಲ. ಉಳಿದದ್ದು ಮಾತು.

ಕಲ್ಯಾಣದಲ್ಲಿ ಬರೆದಿಟ್ಟ ಲೆಕ್ಕ

ಹುಮನಾಬಾದ್, ಬಸವಕಲ್ಯಾಣದ ಸೀಮೆಗೆ ಮಲ್ಲವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ರಾಜನೀತಿಯಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ್ದು ಕಡಿಮೆ. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮಲ್ಲವಿನೋದ’ ಬರುತ್ತದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು ಹೇಗೆ, ಅವರಿಗೆ ಏನು ಉಣ್ಣಿಸಬೇಕು, ಯಾವ ಯಾವ ಶ್ರಮ ಮಾಡಿಸಬೇಕು ಎಂಬುದನ್ನು ಅದು ಹೇಳುತ್ತದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ತೋಳು ಬೀಸುವುದು, ತೋಳಿಗೆ ತೋಳು ಕೊಟ್ಟು ನೂಕುವುದು, ಕಂಬದ ಮೇಲಿನ ಕಸರತ್ತು ಎಲ್ಲವೂ ಅದರಲ್ಲಿ ಇವೆ.

ಒಂಬೈನೂರು ವರ್ಷಗಳ ಹಿಂದೆ ಇದೇ ನೆಲದಲ್ಲಿ ಬಲವನ್ನು ಕಟ್ಟುತ್ತಿದ್ದ ಬಗೆ ಇದು. ಆಹಾರ, ಶ್ರಮ, ವಿಶ್ರಾಂತಿ, ಪಟ್ಟು, ಸರಿಸಮನಾದ ಜೋಡಿ. ಇವತ್ತು ಈ ಭಾಗದ ಜಾತ್ರೆಗಳಲ್ಲಿ ಜಂಗಿ ಕುಸ್ತಿ ನಡೆಯುವಾಗಲೂ ಜೋಡಿ ಕಟ್ಟುವ ಹಿರಿಯರು ನೋಡುವುದು ಅದನ್ನೇ.

ತಾಲೀಮಿನಲ್ಲಿ ಇನ್ನೊಂದು ಮಾತು ದಿನವೂ ಕಿವಿಗೆ ಬೀಳುತ್ತದೆ: ದಮ್ಮು. ‘ಹುಡುಗನಿಗೆ ಕಸುವಿದೆ, ದಮ್ಮಿಲ್ಲ’ ಎಂದು ವಸ್ತಾದರು ಹೇಳಿದರೆ ಅದು ಬರೀ ಉಸಿರಿನ ಮಾತಲ್ಲ. ಉಸಿರು ಬೇಗ ಕಟ್ಟುತ್ತದೆ, ಮೈ ಬೇಗ ಸೋಲುತ್ತದೆ, ಸೋಲುವ ಮೊದಲೇ ಮನಸ್ಸು ಸೋಲುತ್ತದೆ ಎಂಬ ಮೂರೂ ಅದರಲ್ಲಿ ಸೇರಿವೆ. ಆ ದಮ್ಮು ಎದೆಯ ಯಾವ ಮೂಲೆಯಲ್ಲಿದೆ, ಅದರ ಬಣ್ಣ ಯಾವುದು, ಅದನ್ನು ಅಂಗೈಯಿಂದ ಹೊರಗೆ ಎಸೆಯಬಹುದೇ ಎಂದು ಯಾವ ಹುಡುಗನೂ ಕೇಳುವುದಿಲ್ಲ. ಬೆಳಿಗ್ಗೆ ಇನ್ನಷ್ಟು ಓಡುತ್ತಾನೆ, ಜೋಡಿಯೊಡನೆ ಇನ್ನಷ್ಟು ಜೋರ್ (ಅಭ್ಯಾಸದ ಕುಸ್ತಿ) ಹಿಡಿಯುತ್ತಾನೆ. ಚೀನಾದ ಗರಡಿಗಳಲ್ಲಿ ‘ಚಿ’ ಎನ್ನುವ ಮಾತು ಬಹುಪಾಲು ಹೀಗೇ ಬಳಕೆಯಾಗುತ್ತದೆ.

‘ಚಿ’ ಎಂದರೆ

ಚೀನೀಯರ ದಿನನಿತ್ಯದ ಮಾತಿನಲ್ಲಿ ‘ಚಿ’ ಎಲ್ಲ ಕಡೆಯೂ ಇದೆ. ಗಾಳಿ, ಆವಿ, ಉಸಿರು, ಹವಾಮಾನ, ಸಿಟ್ಟು, ಹುಮ್ಮಸ್ಸು, ಮುಖದ ಕಳೆ ಇವೆಲ್ಲದರಲ್ಲೂ ಆ ಪದ ಸೇರಿಕೊಳ್ಳುತ್ತದೆ. ಅಲ್ಲಿನ ಹಳೆಯ ತತ್ತ್ವಚಿಂತಕರು ಇನ್ನೂ ದೂರ ಹೋದರು. 11ನೇ ಶತಮಾನದ ಜಾಂಗ್ ಜಾಯ್ ಎಂಬ ಚಿಂತಕನ ಪ್ರಕಾರ ಲೋಕದಲ್ಲಿ ಇರುವುದೆಲ್ಲ ‘ಚಿ’ಯೇ. ಅದು ಹೆಪ್ಪುಗಟ್ಟಿದರೆ ವಸ್ತು, ಚದುರಿದರೆ ಬಯಲು. ವೈದ್ಯಶಾಸ್ತ್ರದವರು ದೇಹದೊಳಗೆ ‘ಚಿ’ ಹರಿಯುವ ದಾರಿಗಳನ್ನು ಗುರುತಿಸಿದರು. ಆ ದಾರಿ ಕಟ್ಟಿಕೊಂಡರೆ ರೋಗ ಎಂದರು. ಪ್ರಾಣ, ನಾಡಿ, ಚಕ್ರಗಳ ನಮ್ಮ ಹಠಯೋಗದ ಚಿತ್ರಕ್ಕೆ ಇದು ಹತ್ತಿರದ್ದು.

ಹೀಗೆ ತತ್ತ್ವದಲ್ಲಿ ಒಂದು, ವೈದ್ಯದಲ್ಲಿ ಒಂದು, ಕಾಳಗದ ವಿದ್ಯೆಯಲ್ಲಿ ಇನ್ನೊಂದು ಎಂದು ‘ಚಿ’ಗೆ ಮೂರು ನೆಲೆಗಳಿವೆ. ಗೊಂದಲ ಹುಟ್ಟುವುದು ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗ. ಗುರು ಶಿಷ್ಯನ ಮೈ ತಿದ್ದಲು ಹೇಳಿದ ಮಾತನ್ನು ಭೌತವಿಜ್ಞಾನದ ನಿಯಮವೆಂದು ತಿಳಿದರೆ ಅಲ್ಲಿಂದ ದಾರಿ ತಪ್ಪುತ್ತದೆ. ಚೀನಾದ ಪ್ರಸಿದ್ಧ ಕಾಳಗವಿದ್ಯೆ ‘ತೈಚಿ’ಯ ಕೊನೆಯ ಅಕ್ಷರಕ್ಕೂ ಈ ‘ಚಿ’ಗೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಚೀನೀ ಲಿಪಿಯಲ್ಲಿ ಅವು ಬೇರೆ ಬೇರೆ ಅಕ್ಷರಗಳು, ಅರ್ಥಗಳೂ ಬೇರೆ.

ಒಳಗಿನ ವಿದ್ಯೆ, ಹೊರಗಿನ ವಿದ್ಯೆ

ಚೀನಾದ ಕಾಳಗದ ವಿದ್ಯೆಗಳನ್ನು ‘ಒಳಗಿನವು’, ‘ಹೊರಗಿನವು’ ಎಂದು ವಿಂಗಡಿಸುವ ರೂಢಿಯ ಹಳೆಯ ದಾಖಲೆ 1669ರದು. ಹುವಾಂಗ್ ಜೋಂಗ್‌ಶಿ ಎಂಬ ವಿದ್ವಾಂಸ ವಾಂಗ್ ಜೆಂಗ್‌ನಾನ್ ಎಂಬ ಮಲ್ಲನ ಸಮಾಧಿಗೆ ಬರೆದ ಬರಹದಲ್ಲಿ ಅದು ಕಾಣಿಸುತ್ತದೆ. ತೈಚಿಯ ಬೇರು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿದೆ. ಅಲ್ಲಿ ಕಲಿತ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅದನ್ನು ಬೀಜಿಂಗ್‌ಗೆ ಕೊಂಡೊಯ್ದ. 20ನೇ ಶತಮಾನದ ಆರಂಭದಲ್ಲಿ ಸುನ್ ಲುತಾಂಗ್ ತೈಚಿ, ಶಿಂಗ್‌ಯಿ, ಬಾಗ್ವಾ ಎಂಬ ಮೂರನ್ನೂ ಒಂದೇ ಕುಟುಂಬದ ಒಳವಿದ್ಯೆಗಳೆಂದು ತನ್ನ ಪುಸ್ತಕಗಳಲ್ಲಿ ವಿವರಿಸಿದ. ಜಗತ್ತು ಇವತ್ತು ‘ಒಳಗಿನ ವಿದ್ಯೆ’ ಎನ್ನುವುದು ಮುಖ್ಯವಾಗಿ ಈ ಮೂರನ್ನು. 2020ರಲ್ಲಿ ಯುನೆಸ್ಕೊ ತೈಚಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಗು ಎಂದರೆ ಗುಟ್ಟು ಎಂದಲ್ಲ. ಬರೀ ತೋಳಿನ ಜೋರಿಗಿಂತ ನಿಲುವು, ಉಸಿರು, ಗಮನ, ಇಡೀ ಮೈ ಒಂದಾಗಿ ಚಲಿಸುವ ರೀತಿ ಇವುಗಳಿಗೆ ಮೊದಲ ಜಾಗ ಎಂದರ್ಥ. ತರಬೇತಿ ಇಲ್ಲದ ಒರಟು ಬಲವನ್ನು ಚೀನೀಯರು ‘ಲಿ’ ಎನ್ನುತ್ತಾರೆ, ಪಳಗಿದ ಬಲವನ್ನು ‘ಜಿನ್’ ಎನ್ನುತ್ತಾರೆ. ಈ ವ್ಯತ್ಯಾಸ ನಮ್ಮ ಪೈಲ್ವಾನರಿಗೂ ಗೊತ್ತು. ಹೊಲದಲ್ಲಿ ದುಡಿದು ಗಟ್ಟಿಯಾದ ಹುಡುಗ ಮೊದಲ ದಿನ ಅಖಾಡಕ್ಕಿಳಿದಾಗ, ಅವನಿಗಿಂತ ಸಣ್ಣ ಮೈಯವನು ಅವನನ್ನು ಸಲೀಸಾಗಿ ಚಿತ್ ಮಾಡುತ್ತಾನೆ. ಸಣ್ಣವನ ಮೈಯಲ್ಲಿ ಹೆಚ್ಚಿನ ಯಾವ ದ್ರವವೂ ಹರಿಯುತ್ತಿಲ್ಲ. ಅವನ ಬಲ ಪಳಗಿದೆ, ಅಷ್ಟೇ.

‘ಚಿ’ಯನ್ನು ಕೆಳಗಿಳಿಸು

ತೈಚಿ ಗುರು ಶಿಷ್ಯನಿಗೆ ಹೇಳುವ ಮೊದಲ ಪಾಠಗಳಲ್ಲಿ ಇದೊಂದು: ‘ಚಿ’ಯನ್ನು ದಾನ್‌ತಿಯೆನ್‌ಗೆ ಇಳಿಸು. ದಾನ್‌ತಿಯೆನ್ ಎಂದರೆ ಹೊಕ್ಕುಳಿಗಿಂತ ಮೂರು ಬೆರಳಿನಷ್ಟು ಕೆಳಗೆ, ಹೊಟ್ಟೆಯ ಒಳಗಿನ ಜಾಗ. ಕೇಳಿದರೆ ನಿಗೂಢ. ಮಾಡುವಾಗ ಮೈಗೆ ಏನಾಗುತ್ತದೆ ಎಂದು ಒಂದೊಂದಾಗಿ ನೋಡಿದರೆ ನಿಗೂಢ ಕರಗುತ್ತದೆ.

ಭಯವಾದಾಗ, ಸಿಟ್ಟು ಬಂದಾಗ ಮನುಷ್ಯನ ಹೆಗಲು ಮೇಲಕ್ಕೇರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಮೊಣಕಾಲು ಬಿಗಿದು ನೆಟ್ಟಗಾಗುತ್ತದೆ. ಹೀಗೆ ನಿಂತವನನ್ನು ಒಂದು ಕೈಯಿಂದ ನೂಕಿದರೂ ಹೆಜ್ಜೆ ತಪ್ಪುತ್ತಾನೆ. ಈಗ ಅವನಿಗೆ ಹೆಗಲು ಬಿಡಲು ಹೇಳಿ. ಮೊಣಕಾಲು ತುಸು ಮಡಿಸಲಿ, ಸೊಂಟ ಸಡಿಲಿಸಲಿ, ಉಸಿರನ್ನು ಹೊಟ್ಟೆಯವರೆಗೆ ಬಿಟ್ಟುಕೊಳ್ಳಲಿ. ವಪೆ ಕೆಳಗಿಳಿಯುತ್ತದೆ, ಹೊಟ್ಟೆಯ ಸುತ್ತಲಿನ ಸ್ನಾಯುಗಳು ಎಲ್ಲ ಕಡೆಯಿಂದ ಬೆನ್ನುಮೂಳೆಗೆ ಆಸರೆ ಕೊಡುತ್ತವೆ, ಮೈಯ ಗುರುತ್ವಕೇಂದ್ರ ತಗ್ಗುತ್ತದೆ. ನಿಂತ ಮನುಷ್ಯನ ಗುರುತ್ವಕೇಂದ್ರ ಇರುವುದು ಹೆಚ್ಚುಕಡಿಮೆ ಚೀನೀಯರು ದಾನ್‌ತಿಯೆನ್ ಎಂದು ಗುರುತಿಸಿದ ಆ ಮಟ್ಟದಲ್ಲಿಯೇ. ಈಗ ನೂಕಿದರೆ ನೂಕಿದ ಬಲ ಹಿಂಗಾಲಿನ ಮೂಲಕ ನೆಲಕ್ಕಿಳಿಯುತ್ತದೆ. ಅವನು ಅಲುಗುವುದಿಲ್ಲ.

ಮಾರುಕಟ್ಟೆಯ ಹಮಾಲರು ತೊಗರಿ ಚೀಲಕ್ಕೆ ಬೆನ್ನು ಕೊಡುವಾಗ ಕ್ಷಣಕಾಲ ಉಸಿರು ಕಟ್ಟಿ ಹೊಟ್ಟೆ ಬಿಗಿಯುವುದರಲ್ಲಿ ಇರುವುದೂ ಇದೇ ಯಂತ್ರ. ತೈಚಿಯವರು ಅದನ್ನೇ ಉಸಿರು ಕಟ್ಟದೆ, ಚಲಿಸುತ್ತಲೇ ಮಾಡುವುದನ್ನು ವರ್ಷಗಟ್ಟಲೆ ಕಲಿಯುತ್ತಾರೆ.

ಹಾಗಾದರೆ ‘ವಪೆ ಇಳಿಸು, ಸೊಂಟ ಸಡಿಲಿಸು, ಹೆಗಲು ಬಿಡು’ ಎಂದು ಬಿಡಿಸಿ ಹೇಳಬಾರದೇ? ಹೇಳಬಹುದು. ಆದರೆ ಹತ್ತು ಸ್ನಾಯುಗಳ ಹೆಸರು ಹಿಡಿದು ಒಂದೊಂದನ್ನೇ ಸರಿಪಡಿಸಲು ಹೊರಟರೆ ಮೈ ಮರಗಟ್ಟುತ್ತದೆ. ಒಂದೇ ಭಾವನೆಯನ್ನು ಹಿಡಿಸಿದರೆ ಹತ್ತೂ ಒಟ್ಟಿಗೆ ಸರಿಹೋಗುತ್ತವೆ. ಮನಸ್ಸು ಮುಂದೆ ಹೋಗಲಿ, ‘ಚಿ’ ಅದರ ಹಿಂದೆ ಬರಲಿ, ಬಲ ಕೊನೆಗೆ ಬರಲಿ ಎಂದು ತೈಚಿ ಪರಂಪರೆ ಕಲಿಸುವುದು ಈ ಕಾರಣಕ್ಕೆ. ಸಂಗೀತದ ಗುರು ‘ನಾಭಿಯಿಂದ ಹಾಡು’ ಎನ್ನುತ್ತಾರೆ. ನಾಭಿಯಲ್ಲಿ ಧ್ವನಿಪೆಟ್ಟಿಗೆ ಇಲ್ಲ ಎಂದು ಯಾರೂ ವಾದಕ್ಕೆ ನಿಲ್ಲುವುದಿಲ್ಲ, ಏಕೆಂದರೆ ಹಾಗೆ ಹಾಡಿದಾಗ ಧ್ವನಿ ತುಂಬಿ ಬರುತ್ತದೆ.

ಬಗ್ಗದ ತೋಳು

ಮನೆಯಲ್ಲಿಯೇ ಮಾಡಿ ನೋಡಬಹುದಾದ ಪ್ರಯೋಗ ಒಂದಿದೆ. ಜಪಾನಿನ ಐಕಿಡೊ ಗುರುಗಳು ಅದನ್ನು ಪ್ರಸಿದ್ಧಗೊಳಿಸಿದರು. ‘ಚಿ’ಗೆ ಜಪಾನಿನಲ್ಲಿ ‘ಕಿ’ ಎಂದು ಹೆಸರು. ತೋಳನ್ನು ಮುಂದೆ ಚಾಚಿ, ಮಣಿಕಟ್ಟನ್ನು ಗೆಳೆಯನ ಹೆಗಲ ಮೇಲೆ ಇಡಿ. ಅವನು ಎರಡೂ ಕೈಗಳಿಂದ ಮೊಣಕೈಯನ್ನು ಕೆಳಗೊತ್ತಿ ಬಗ್ಗಿಸಲಿ. ಮೊದಲ ಸಲ ಮುಷ್ಟಿ ಬಿಗಿದು, ಹಲ್ಲು ಕಚ್ಚಿ ತಡೆಯಿರಿ. ತೋಳು ಬಗ್ಗುತ್ತದೆ. ಎರಡನೆಯ ಸಲ ಬೆರಳು ಬಿಡಿಸಿ, ತೋಳಿನ ಒಳಗಿಂದ ನೀರು ಹರಿದು ಬೆರಳ ತುದಿಯಿಂದ ಎದುರಿನ ಗೋಡೆಗೆ ಚಿಮ್ಮುತ್ತಿದೆ ಎಂದು ಭಾವಿಸಿ. ಈಗ ಬಗ್ಗಿಸುವುದು ಎಷ್ಟೋ ಕಷ್ಟವಾಗುತ್ತದೆ.

ಅನೇಕರು ಇದನ್ನು ಕಂಡು ‘ಚಿ’ ಇದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು ಎಂದುಕೊಂಡಿದ್ದಾರೆ. ನಡೆದದ್ದು ಬೇರೆ. ಮೊದಲ ಸಲ ತೋಳಿನ ಮುಂದಿನ ಸ್ನಾಯುವೂ ಹಿಂದಿನ ಸ್ನಾಯುವೂ ಒಟ್ಟಿಗೆ ಬಿಗಿದವು. ಮುಂದಿನದು ತೋಳನ್ನು ಬಗ್ಗಿಸುವ ಸ್ನಾಯು. ಅಂದರೆ ನಿಮ್ಮದೇ ಅರ್ಧ ಬಲ ಗೆಳೆಯನ ಪರವಾಗಿ ದುಡಿಯಿತು. ಎರಡನೆಯ ಸಲ ನೀರಿನ ಭಾವನೆ ತೋಳನ್ನು ನೀಡುವ ಹಿಂದಿನ ಸ್ನಾಯುವನ್ನು ಮಾತ್ರ ಎಬ್ಬಿಸಿತು. ನೀರು ಹರಿಯಲಿಲ್ಲ, ಆದರೆ ನೀರಿನ ಭಾವನೆ ನಿಜವಾದ ಕೆಲಸ ಮಾಡಿತು. ‘ಚಿ’ಯ ಉಪಯೋಗವೂ ಅದರ ಮಿತಿಯೂ ಈ ಒಂದು ಪ್ರಯೋಗದಲ್ಲಿ ಕಾಣುತ್ತವೆ.

ಎಲ್ಲಿ ದಾರಿ ತಪ್ಪುತ್ತದೆ

ಮೊದಲ ತಪ್ಪು, ಮೈಯಲ್ಲಿ ಆಗುವ ಜುಮುಜುಮು, ಬಿಸುಪು, ತೇಲಿದಂಥ ಅನುಭವವನ್ನೇ ‘ಚಿ’ಯ ಗಳಿಕೆ ಎಂದು ನಂಬುವುದು. ನಿಧಾನವಾಗಿ ಉಸಿರಾಡಿ ಮೈ ಸಡಿಲಿಸಿದರೆ ಅಂಗೈಗೆ ರಕ್ತ ಹೆಚ್ಚು ಹರಿದು ಬಿಸಿಯಾಗುತ್ತದೆ. ಒಂದೇ ಸಮನೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ಬೆರಳ ತುದಿಯನ್ನೇ ಸ್ವಲ್ಪ ಹೊತ್ತು ಗಮನಿಸುತ್ತ ಕುಳಿತರೂ ಅಲ್ಲಿ ಏನೋ ಮಿಡಿದಂತಾಗುತ್ತದೆ. ಇವು ಮೈಯ ಸಹಜ ವರ್ತನೆಗಳು, ವಿದ್ಯೆಯ ಅಳತೆಗಳಲ್ಲ. ಇವುಗಳ ಬೆನ್ನು ಹತ್ತಿ ಗಂಟೆಗಟ್ಟಲೆ ಉಸಿರಿನ ಪ್ರಯೋಗ ಮಾಡಿದವರಲ್ಲಿ ಕೆಲವರಿಗೆ ಮನಸ್ಸಿನ ಸ್ಥಿಮಿತವೇ ತಪ್ಪಿದ ಉದಾಹರಣೆಗಳಿವೆ. ಅಮೆರಿಕದ ಮನೋವೈದ್ಯರ ಸಂಘ 1994ರ ಕೈಪಿಡಿಯಲ್ಲಿ ‘ಚಿಗೊಂಗ್’ ಎಂಬ ಉಸಿರಿನ ಅಭ್ಯಾಸದಿಂದ ಬರುವ ಮನೋವಿಕಾರವನ್ನು ಹೆಸರಿಸಿಯೇ ದಾಖಲಿಸಿತು.

ಎರಡನೆಯದು, ಸಡಿಲ ಎಂದರೆ ಜೋಲು ಎಂದು ತಿಳಿಯುವುದು. ತೈಚಿಯಲ್ಲಿ ‘ಸೋಂಗ್’ ಎನ್ನುವ ಸಡಿಲಿಕೆಗೆ ಬಹಳ ಬೆಲೆ. ಬೇಡದ ಬಿಗಿತವನ್ನು ಬಿಟ್ಟು ಬೇಕಾದ ಬಿಗುವನ್ನು ಉಳಿಸಿಕೊಳ್ಳುವುದೇ ಅದು. ಚೆನ್ ಹಳ್ಳಿಯ ಅಭ್ಯಾಸಿಗಳು ತಗ್ಗಿ ನಿಂತು ಮಾಡುವ ವರಸೆ ತೊಡೆಗಳನ್ನು ನಡುಗಿಸುತ್ತದೆ. ಉದ್ದನೆಯ ಈಟಿದೊಣ್ಣೆ ಹಿಡಿದು ಕೂಡ ಅವರು ಪಳಗುತ್ತಾರೆ. ಬೆವರಿಲ್ಲದೆ ಬರುವ ಒಳವಿದ್ಯೆ ಯಾವ ಪರಂಪರೆಯಲ್ಲೂ ಇಲ್ಲ.

ಮೂರನೆಯದು, ಮುಟ್ಟದೆ ಬೀಳಿಸುವ ನಂಬಿಕೆ. ಆ ವಿಡಿಯೊಗಳಲ್ಲಿ ಬೀಳುವವರು ಬಹುಪಾಲು ಆ ಗುರುವಿನ ಶಿಷ್ಯರೇ. ಎಲ್ಲರೂ ದುಡ್ಡು ತಗೊಂಡು ನಾಟಕವಾಡುತ್ತಾರೆ ಎಂದಲ್ಲ. ಬೀಳಬೇಕು ಎಂಬ ನಿರೀಕ್ಷೆ, ಬೀಳದಿದ್ದರೆ ಗುರುವಿಗೆ ಅವಮಾನ ಎಂಬ ಅಳುಕು, ಪಕ್ಕದವನು ಬಿದ್ದದ್ದನ್ನು ಕಂಡ ಮೈ, ಎಲ್ಲ ಸೇರಿ ಶಿಷ್ಯ ನಿಜವಾಗಿಯೂ ಬೀಳುತ್ತಾನೆ. ಗುರುವೂ ತನಗೆ ಆ ಶಕ್ತಿ ಇದೆ ಎಂದು ನಂಬಿಬಿಡುತ್ತಾನೆ. 2006ರಲ್ಲಿ ಜಪಾನಿನ ಯಾನಾಗಿ ರ್‍ಯುಕೆನ್ ಹಾಗೆ ನಂಬಿಯೇ ಹೊರಗಿನ ಹೋರಾಟಗಾರನನ್ನು ಕಣಕ್ಕೆ ಕರೆದು ಪೆಟ್ಟು ತಿಂದರು. 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ತೈಚಿ ಗುರು ವೇ ಲೇ ಅವರನ್ನು ಮಿಶ್ರ ಸಮರಕಲೆಯ ಹೋರಾಟಗಾರ ಶು ಶಿಯಾವ್‌ಡೊಂಗ್ ಅರ್ಧ ನಿಮಿಷದೊಳಗೆ ಸೋಲಿಸಿದರು. 2020ರ ಮೇ ತಿಂಗಳಲ್ಲಿ ಮಾ ಬಾವ್‌ಗುವೊ ಎಂಬ ಇನ್ನೊಬ್ಬ ತೈಚಿ ಗುರು ಕೂಡ ಅರ್ಧ ನಿಮಿಷದಲ್ಲಿ ಮೂರು ಸಲ ನೆಲಕ್ಕುರುಳಿದರು.

ಇದರಿಂದ ತೈಚಿಯೇ ಸುಳ್ಳು ಎಂದು ತೀರ್ಮಾನಿಸುವವರು 1954ರ ಜನವರಿಯಲ್ಲಿ ಮಕಾವ್‌ನಲ್ಲಿ ನಡೆದ ಪಂದ್ಯವನ್ನೂ ನೋಡಬೇಕು. ಐವತ್ತು ದಾಟಿದ ತೈಚಿ ಗುರು ವು ಗೊಂಗ್‌ಯಿ, ತಮಗಿಂತ ಬಹಳ ಕಿರಿಯನಾದ ಶ್ವೇತಬಕ ಶೈಲಿಯ ಚೆನ್ ಕೆಫು ಜೊತೆ ಸಾರ್ವಜನಿಕವಾಗಿ ಸೆಣಸಿದರು. ಅಂಗೈಯಿಂದ ಬೆಳಕು ಹೊರಡಲಿಲ್ಲ. ಗುದ್ದುಗಳು ಬಿದ್ದವು, ಮೂಗಿನಿಂದ ರಕ್ತ ಸುರಿಯಿತು, ಎರಡನೆಯ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿ ಯಾರೂ ಗೆಲ್ಲಲಿಲ್ಲ ಎಂದು ಸಾರಿದರು. ಸಮಬಲದವನ ಮುಂದೆ ನಿಲ್ಲುವ ಧೈರ್ಯ ಆ ಗುರುವಿಗಿತ್ತು. ವಿದ್ಯೆ ಎಂದರೆ ಅದು.

ನಾಲ್ಕನೆಯದು, ಆಯುಧ ತಾಗದ ಮೈ. ಕುತ್ತಿಗೆಗೆ ಈಟಿ ಒತ್ತಿ ಬಗ್ಗಿಸುವುದು, ಎದೆಯ ಮೇಲೆ ಕಲ್ಲು ಒಡೆಸಿಕೊಳ್ಳುವುದು ಪ್ರದರ್ಶನದಲ್ಲಿ ಕಣ್ಣು ಕುಕ್ಕುತ್ತವೆ. ಬಳುಕುವ ದಂಡ, ಮೊಂಡಾದ ತುದಿ, ಪೆಟ್ಟನ್ನು ತಾನೇ ಹೀರಿಕೊಳ್ಳುವ ಭಾರದ ಕಲ್ಲು ಇವು ಅರ್ಧ ಕೆಲಸ ಮಾಡುತ್ತವೆ, ಅಭ್ಯಾಸ ಉಳಿದರ್ಧ. ಈ ನಂಬಿಕೆ ರಂಗಸ್ಥಳ ಬಿಟ್ಟು ರಣರಂಗಕ್ಕೆ ಇಳಿದಾಗ ಏನಾಯಿತು ಎಂಬುದಕ್ಕೆ 1900ರ ಚೀನಾದ ಬಾಕ್ಸರ್ ದಂಗೆ ಸಾಕ್ಷಿ. ಮಂತ್ರ, ಆವೇಶ, ಕಸರತ್ತುಗಳಿಂದ ಗುಂಡು ತಾಗದ ಮೈ ಬರುತ್ತದೆ ಎಂದು ನಂಬಿದ ಹಳ್ಳಿಯ ಬಡ ಯುವಕರು ಬಂದೂಕಿಗೆ ಎದೆಯೊಡ್ಡಿ ಸತ್ತರು.

ನಿಂತದ್ದು ನಾಡಿ, ಹೃದಯವಲ್ಲ

ಪವಾಡದಂತೆ ಕಾಣುವುದನ್ನು ಗೌರವದಿಂದಲೇ ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ಕರ್ನಾಟಕದ ಒಬ್ಬ ದೊಡ್ಡ ಗುರುವಿನ ಬದುಕಿನಲ್ಲಿಯೇ ಉದಾಹರಣೆ ಇದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದವರು. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಅವರ ಶಿಷ್ಯರು. ಅವರು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲರು ಎಂಬ ಖ್ಯಾತಿ ಇತ್ತು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರೋಸ್ ಭಾರತಕ್ಕೆ ಬಂದು ಅವರನ್ನು ಯಂತ್ರದಿಂದ ಪರೀಕ್ಷಿಸಿದಾಗ ಹೃದಯದ ಸಂಕೇತ ಬಹುತೇಕ ಅಡಗಿದಂತೆ ಕಂಡಿತು.

ಎರಡು ದಶಕಗಳ ನಂತರ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಕೃಷ್ಣಮಾಚಾರ್ಯರೂ ಸೇರಿದಂತೆ ಕೆಲವು ಯೋಗಪಟುಗಳನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಉಸಿರು ಹಿಡಿದು ಎದೆ ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಮಣಿಕಟ್ಟಿನ ನಾಡಿ ಕೈಗೆ ಸಿಗದಂತಾಗುತ್ತದೆ, ಸ್ಟೆತಸ್ಕೋಪಿಗೂ ಬಡಿತ ಕೇಳಿಸುವುದಿಲ್ಲ. ಆದರೆ ಹೃದಯ ಮಿಡಿಯುತ್ತಲೇ ಇರುವುದನ್ನು ಇಸಿಜಿ ಯಂತ್ರ ತೋರಿಸಿತು.

ಈ ವರದಿಯಿಂದ ಆಚಾರ್ಯರ ಎತ್ತರ ಕುಗ್ಗಲಿಲ್ಲ. ಹೃದಯ ನಿಂತಿತು ಎಂಬ ವಿವರಣೆ ತಪ್ಪಾಯಿತು. ಉಸಿರು, ಸ್ನಾಯುಗಳ ಮೇಲೆ ಅವರಿಗಿದ್ದ ಅಸಾಮಾನ್ಯ ಹಿಡಿತ ಸಾಬೀತಾಯಿತು. ‘ಚಿ’ಯ ವಿಷಯದಲ್ಲೂ ನಾವು ಇಡಬೇಕಾದ ನಿಲುವು ಇದೇ. ಸಾಧನೆಗೆ ತಲೆಬಾಗಬೇಕು, ಸಾಧನೆಯ ಮೇಲೆ ಕಟ್ಟಿದ ಹೇಳಿಕೆಯನ್ನು ಪರೀಕ್ಷಿಸಬೇಕು.

ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೂ ಬೇಕಿಲ್ಲ. ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ, ಮನುಷ್ಯನ ಮೈಯಿಂದ ಹೊರಡುವ ಶಕ್ತಿಯನ್ನು ಅಂಗೈಯಿಂದ ಗ್ರಹಿಸುತ್ತೇವೆ ಎನ್ನುತ್ತಿದ್ದ 21 ಚಿಕಿತ್ಸಕರನ್ನು ಪರದೆಯ ಹಿಂದೆ ಕೂರಿಸಿದಳು. ಅವರ ಎಡಗೈ ಮೇಲೋ ಬಲಗೈ ಮೇಲೋ ತನ್ನ ಕೈ ಹಿಡಿದು, ಯಾವುದರ ಮೇಲಿದೆ ಹೇಳಿ ಎಂದಳು. 280 ಪ್ರಯತ್ನಗಳಲ್ಲಿ ಸರಿಯಾದದ್ದು 123. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. ನಮ್ಮಲ್ಲಿ ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದರು. ಅವರು ಕೇಳಿದ್ದೂ ಇಷ್ಟನ್ನೇ: ಮೋಸಕ್ಕೆ ಎಡೆಯಿಲ್ಲದ ಜಾಗದಲ್ಲಿ ಮಾಡಿ ತೋರಿಸಿ.

ಅಲ್ಲಮ ಹೇಳಿದ ಉತ್ತರ

ಪವಾಡವನ್ನು ಸಾಧನೆ ಎನ್ನಬಹುದೇ ಎಂಬ ಪ್ರಶ್ನೆ ಕಲ್ಯಾಣದ ಶರಣ ಪರಂಪರೆಯಲ್ಲಿ ಬೇರೆ ರೂಪದಲ್ಲಿ ಎದ್ದಿತ್ತು. ‘ಶೂನ್ಯಸಂಪಾದನೆ’ಯಲ್ಲಿ ಬರುವ ಗೋರಕ್ಷ–ಅಲ್ಲಮ ಪ್ರಸಂಗ ಅನೇಕರಿಗೆ ಗೊತ್ತು. ಹಠಯೋಗದಿಂದ ವಜ್ರದಂಥ ಕಾಯ ಪಡೆದ ಗೋರಕ್ಷ ತನ್ನನ್ನು ಕತ್ತಿಯಿಂದ ಹೊಡೆಯಲು ಅಲ್ಲಮಪ್ರಭುವನ್ನು ಕರೆಯುತ್ತಾನೆ. ಕತ್ತಿ ತಾಗಿ ಖಣಿಲೆನ್ನುತ್ತದೆ, ಮೈಗೆ ಏನೂ ಆಗುವುದಿಲ್ಲ. ಬಳಿಕ ಗೋರಕ್ಷ ಹೊಡೆದಾಗ ಕತ್ತಿ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಗೋರಕ್ಷ ಶರಣಾಗುತ್ತಾನೆ.

ಇದನ್ನು ಇನ್ನೊಂದು ಪವಾಡವೆಂದು ಓದಿದರೆ ಕಥೆಯ ತಿರುಳು ತಪ್ಪುತ್ತದೆ. ಕಾಯವನ್ನು ಕಲ್ಲು ಮಾಡಿಕೊಳ್ಳುವುದು ಸಾಧನೆಯ ಗುರಿಯಲ್ಲ, ‘ನಾನು ಸಾಧಿಸಿದೆ’ ಎಂಬ ಬಿಗುವು ಕಳಚುವುದೇ ಗುರಿ ಎಂಬುದು ಅಲ್ಲಮನ ಉತ್ತರ. ಸಿದ್ಧಿಯ ಪ್ರದರ್ಶನವನ್ನು ಸಾಧನೆಯೆಂದು ನಂಬಬೇಡಿ ಎನ್ನುವ ಎಚ್ಚರ ಈ ಮಣ್ಣಿಗೆ ಹೊರಗಿನಿಂದ ಬಂದದ್ದಲ್ಲ. ಚೀನಾದ ಗಂಭೀರ ಗುರುಗಳೂ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ಎದುರಾಳಿ ನೂಕಿದಾಗ ಎದೆಯೊಡ್ಡದೆ, ಅವನ ಬಲಕ್ಕೆ ಹಿಡಿಯಲು ಏನೂ ಸಿಗದಂತೆ ತಿರುಗಿ ಅದನ್ನು ಖಾಲಿಗೆ ಬೀಳಿಸುವುದೇ ತೈಚಿಯ ಜೋಡಿ ಅಭ್ಯಾಸದ ಜೀವಾಳ.

ನಿಜವಾಗಿ ಸಿಗುವುದೇನು

ಸುಳ್ಳನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಕಡಿಮೆಯೇನಲ್ಲ. ವಯಸ್ಸಾದವರು ಬೀಳುವುದನ್ನು ತಡೆಯುವ ವ್ಯಾಯಾಮಗಳ ಬಗ್ಗೆ 2019ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯ ಪ್ರಕಾರ ತೈಚಿ ಅಭ್ಯಾಸ ಮಾಡುವ ವೃದ್ಧರಲ್ಲಿ ಬೀಳುವವರ ಸಂಖ್ಯೆ ಸುಮಾರು 20% ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ 24 ವಾರ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹದ ಸಮತೋಲನ ಹೆಚ್ಚು ಸುಧಾರಿಸಿದ್ದು ತೈಚಿ ಗುಂಪಿನಲ್ಲಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯನ್ನು ನೋಡಿಕೊಂಡ ಮನೆಯವರಿಗೆ ಈ ಅಂಕಿಗಳ ಬೆಲೆ ಗೊತ್ತಾಗುತ್ತದೆ. ಇದಕ್ಕೆ ಕಾರಣ ಕಾಲಿನ ಬಲ, ನಿಧಾನದ ಚಲನೆ, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಎಚ್ಚರದಿಂದ ಸಾಗಿಸುವ ರೂಢಿ. ಸಕ್ಕರೆ ಕಾಯಿಲೆಗೋ ಕ್ಯಾನ್ಸರಿಗೋ ಔಷಧಿ ಬಿಟ್ಟು ‘ಚಿ’ ಹಿಡಿಯಿರಿ ಎನ್ನುವವರ ಹೇಳಿಕೆಗೆ ಇಂಥ ಯಾವ ಆಧಾರವೂ ಇಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಕಾಳಗಕ್ಕೆ ಸಿಗುವುದೂ ನಿಜವಾದದ್ದೇ. ತೈಚಿಯವರು ಮುಂಗೈಗೆ ಮುಂಗೈ ತಾಗಿಸಿ ಎದುರಾಳಿಯ ಬಲ ಎಲ್ಲಿಂದ ಹೊರಟಿತು ಎಂದು ಚರ್ಮದಿಂದಲೇ ಕೇಳಿಸಿಕೊಳ್ಳಲು ಕಲಿಯುತ್ತಾರೆ. ಜೋರ್ ಹಿಡಿಯುವ ಪೈಲ್ವಾನ ಕತ್ತಿನ ಹಿಂದೆ ಕೈಹಾಕಿದ ಕ್ಷಣದಲ್ಲಿ, ಎದುರಿನವನು ಕಾಲಿಗೆ ಬೀಳುತ್ತಾನೋ ಸೊಂಟಕ್ಕೆ ಬರುತ್ತಾನೋ ತಿಳಿಯುವುದು ಇದೇ ಅರಿವಿನಿಂದ. ಹೆನಾನ್‌ನ ಹಳ್ಳಿಯವನನ್ನೂ ಹುಮನಾಬಾದ್ ತಾಲ್ಲೂಕಿನ ಹಳ್ಳಿಯವನನ್ನೂ ಒಂದೇ ಅಖಾಡಕ್ಕೆ ಇಳಿಸಿದರೆ, ಮಾತು ಬಾರದಿದ್ದರೂ ಇಬ್ಬರೂ ಪರಸ್ಪರರ ಪಾಠವನ್ನು ಅರ್ಥಮಾಡಿಕೊಳ್ಳುತ್ತಾರೆ.

ಕಲಿಯಲು ಹೊರಟವರು

ಹತ್ತಿರದ ಪಟ್ಟಣಗಳಲ್ಲಿ ‘ಚಿ’, ‘ಪ್ರಾಣಶಕ್ತಿ’, ‘ಒಳಬಲ’ ಎಂಬ ಹೆಸರಿನ ತರಗತಿಗಳು ಬರುತ್ತಿವೆ, ಮುಂದೆ ಇನ್ನೂ ಬರುತ್ತವೆ. ಸೇರುವ ಮೊದಲು ಕೆಲವು ಪ್ರಶ್ನೆ ಕೇಳಿ. ಗುರು ಹೊಸಬರ ಮೇಲೆ, ತನ್ನ ಶಿಷ್ಯರಲ್ಲದವರ ಮೇಲೆ ಮಾಡಿ ತೋರಿಸುತ್ತಾರೆಯೇ? ಎದುರು ನಿಂತವನು ನಿಜವಾಗಿ ಪ್ರತಿರೋಧಿಸುವ ಅಭ್ಯಾಸ ಅಲ್ಲಿ ಇದೆಯೇ? ಏಕೆ ಎಂದು ಕೇಳಿದರೆ ಮೈಯ ಭಾಷೆಯಲ್ಲಿ ಉತ್ತರ ಬರುತ್ತದೆಯೇ, ‘ನಿನಗೆ ಇನ್ನೂ ಯೋಗ್ಯತೆ ಇಲ್ಲ’ ಎಂಬ ಉತ್ತರ ಮಾತ್ರವೇ? ಮುಂದಿನ ಗುಟ್ಟಿಗೆ ಮುಂದಿನ ಶುಲ್ಕ ಎಂಬ ಏಣಿ ಇದೆಯೇ? ಔಷಧಿ ಬಿಡಲು ಹೇಳುತ್ತಾರೆಯೇ? ಒಳ್ಳೆಯ ಗುರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ನಮ್ಮ ತಾಲೀಮುಗಳ ಬಗ್ಗೆಯೂ ಒಂದು ಮಾತು. ದೂರದ ವಿದ್ಯೆಗೆ ಬೆರಗಾಗುವ ಹುಡುಗರು ಊರಿನ ಅಖಾಡದ ಬಾಗಿಲು ದಾಟದೆ ಬೆಳೆಯುತ್ತಿರುವುದು ನೋವಿನ ಸಂಗತಿ. ಪಂಚಾಯಿತಿಗಳು, ಶಾಲೆಗಳು, ಜಾತ್ರೆಯ ಸಮಿತಿಗಳು ಮನಸ್ಸು ಮಾಡಿದರೆ ಒಂದು ಲೋಡು ಕೆಮ್ಮಣ್ಣು, ಒಂದು ಸೂರು, ಒಬ್ಬ ಹಳೆಯ ವಸ್ತಾದರು ಸಾಕು. ತಾಲೀಮು ಮತ್ತೆ ಏಳುತ್ತದೆ. ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಲಿ. ಅಲ್ಲಿ ಕಲಿತ ಮಕ್ಕಳು ಮುಂದೆ ತೈಚಿಯನ್ನೋ ಯೋಗವನ್ನೋ ಕಲಿಯಲು ಹೋದರೆ ಯಾವುದು ವಿದ್ಯೆ, ಯಾವುದು ಕಥೆ ಎಂದು ತಾವೇ ಗುರುತಿಸುತ್ತಾರೆ, ಏಕೆಂದರೆ ಒಪ್ಪದ ಎದುರಾಳಿಯನ್ನು ಎತ್ತಿ ಹಾಕಲು ಏನೇನು ಬೇಕು ಎಂಬುದು ಅವರ ಮೈಗೆ ಗೊತ್ತಿರುತ್ತದೆ. ‘ಚಿ’ಯನ್ನು ನಂಬಬೇಕೋ ಬೇಡವೋ ಎಂಬ ಜಗಳ ಅವರಿಗೆ ಬೇಕಾಗುವುದಿಲ್ಲ. ಉಸಿರು ತಿದ್ದಿಕೊಂಡು, ನಿಲುವು ತಿದ್ದಿಕೊಂಡು, ಪ್ರತಿದಿನ ಸಮಬಲದವನೊಡನೆ ಸೆಣಸಿ ಕಲಿತವರಿಗೆ ಆ ಮಾತಿನಲ್ಲಿ ಎಷ್ಟು ನಿಜವಿದೆಯೋ ಅಷ್ಟೂ ಸಿಗುತ್ತದೆ.